ಪ್ರೊಸೆಸರ್ ಹುಡುಕಲು ಹೋಗಿ ಬೋರ್ಡ್ ಆರಿಸಿದ್ದು

ಅಕ್ಕನ ಮಗಳು ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ನನ್ನ ಕೈಗೆ ಕೊಟ್ಟಳು. ಪೆನ್ಸಿಲ್‌ನಲ್ಲಿ ಬರೆದ ಹೊಸ ಕಂಪ್ಯೂಟರಿನ ಸಾಮಾನಿನ ಪಟ್ಟಿ. ಮೊದಲ ಸಾಲಿನಲ್ಲಿ ಲೆಕ್ಕವೆಲ್ಲ ಮಾಡುವ ಐ7 14700ಕೆ ಪ್ರೊಸೆಸರ್, ಎರಡನೆಯದರಲ್ಲಿ ಎಲ್ಲ ಭಾಗ ಕೂರುವ ಝಡ್790 ಮದರ್‌ಬೋರ್ಡ್, ಆಮೇಲೆ ಪ್ರೊಸೆಸರ್ ತಣಿಸುವ ನೀರಿನ ಕೂಲರ್, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಕೆಳಗೆ 1,30,000 ಅಂತ ಮೊತ್ತ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಅಪ್ಪಂಗೆ ಹೇಳಿಲ್ಲ."

2024ರ ಜೂನ್ ಅದು. ಹುಡುಗಿಯ ಪಿಯುಸಿ ಮುಗಿದಿತ್ತು, ಶಿರಸಿಯಲ್ಲೇ ಬಿಸಿಎಗೆ ಸೇರುವುದು ಅಂತ ಆಗಿತ್ತು. ಅಕ್ಕನ ಮನೆ ಹುಲೇಕಲ್ ಕಡೆ, ಅಡಿಕೆ ತೋಟದ ಪಕ್ಕ. ಒಣಗಿಸಿದ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ 80 ಸಾವಿರ ಇದಕ್ಕೆ ಅಂತ ಭಾವ ಎತ್ತಿಟ್ಟಿದ್ದರು. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು, ಐದಾರು ವರ್ಷ ಬಾಳಬೇಕು. 144 ಹರ್ಟ್ಸ್‌ನ ಮಾನಿಟರ್ ನನ್ನ ಹತ್ತಿರ ಒಂದು ಹೆಚ್ಚಿನದಿತ್ತು, ಅದನ್ನು ಕೊಡುತ್ತೇನೆ ಅಂದೆ. ಉಳಿದದ್ದನ್ನೆಲ್ಲ ಆರಿಸುವ ಕೆಲಸವೂ ನನಗೇ ಬಂತು. ನಾನು ಶಿರಸಿ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಮದುವೆ, ಉಪನಯನ, ಜಾತ್ರೆಯ ವಿಡಿಯೋ ಎಲ್ಲ ನಾನೇ ಜೋಡಿಸಿಕೊಂಡ ಪಿಸಿಯಲ್ಲಿ ಎಡಿಟ್ ಮಾಡುತ್ತೇನೆ.

ಅಷ್ಟರೊಳಗೆ ಪಟ್ಟಿಯ ವಿಷಯ ತಿಳಿದ ಭಾವ ತಾವೇ ಒಂದು ಅಂಗಡಿಗೆ ಹೋಗಿ ಕೇಳಿ ಬಂದಿದ್ದರು. "ಐ7, 16 ಜಿಬಿ, ಗೇಮಿಂಗ್ ಪಿಸಿ 28 ಸಾವಿರಕ್ಕೆ ಕೊಡ್ತ್ವಡ. ಇದರ ಪಟ್ಟಿಲೂ ಐ7 ಹೇಳೇ ಇದ್ದು. ಮತ್ತೆ ಲಕ್ಷ ಎಂತಕ್ಕೆ ಮಾರಾಯ?"

ಮಾರನೇ ದಿನ ನಾನೂ ಹೋಗಿ ನೋಡಿದೆ. ಐ7 ಹೌದು, ಆದರೆ ಐ7 3770. 2012ರ ಪ್ರೊಸೆಸರ್. ಹೊರಗೆ ಹೊಸ ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಫ್ಯಾನ್, ಒಳಗೆ ಹನ್ನೆರಡು ವರ್ಷ ಹಳೇ ಸಾಮಾನು. ಐ7 ಅನ್ನುವುದು ಅಂತಸ್ತನ್ನು ಹೇಳುತ್ತದೆ, ವಯಸ್ಸನ್ನು ಹೇಳುವುದಿಲ್ಲ. ವಯಸ್ಸು ಇರುವುದು ಅದರ ಮುಂದಿನ ಅಂಕಿಯಲ್ಲಿ. 3770 ಅಂದರೆ ಮೂರನೇ ತಲೆಮಾರು, 14700 ಅಂದರೆ ಹದಿನಾಲ್ಕನೆಯದು. 3770ರಲ್ಲಿ 4 ಕೋರ್, ಅಂದರೆ ಲೆಕ್ಕ ಮಾಡುವ ಘಟಕ, 8 ಥ್ರೆಡ್, ಅಂದರೆ ಒಟ್ಟಿಗೆ ಹಿಡಿಯುವ ಕೆಲಸದ ಎಳೆ. 2022ರ ಐ3 12100ರಲ್ಲೂ ಅಷ್ಟೇ ಇರುವುದು, ಆದರೆ ಆ ಐ3 ಮುಂದೆ ಈ ಐ7 ನಿಲ್ಲುವುದೇ ಇಲ್ಲ. ಅದೂ ಅಲ್ಲದೆ ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ಹುಡುಗಿ ದಿನಾ ಆಡುವ ವ್ಯಾಲೊರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ವ್ಯವಸ್ಥೆ ಎರಡೂ ಇಲ್ಲದೆ ಶುರುವೇ ಆಗುವುದಿಲ್ಲ. ಇಷ್ಟನ್ನೂ ಭಾವನಿಗೆ ಹೇಳಿದೆ. 28 ಸಾವಿರ ನೀರಿಗೆ ಹಾಕುವುದು ತಪ್ಪಿತು.

ಹಾಗಂತ ಹುಡುಗಿಯ ಪಟ್ಟಿಯೂ ಸರಿ ಇರಲಿಲ್ಲ. ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ನನ್ನ ಪಿಸಿ ಮುಂದೆ ಕೂರಿಸಿದೆ. ಅದರಲ್ಲಿ ರೈಜನ್ 5 5600, ಜಿಟಿಎಕ್ಸ್ 1660 ಸೂಪರ್. ಪರದೆಯ ಮೂಲೆಯಲ್ಲಿ ಪ್ರೊಸೆಸರ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ ಅಂತ ಅಂಕಿ ತೋರಿಸುವ ಹಾಗೆ ಮಾಡಿ, ಅವಳಿಗಿಷ್ಟವಾದ ಆಟ ಹಾಕು ಅಂದೆ. ಊರೂರು ಸುತ್ತುವ ದೊಡ್ಡ ಆಟದಲ್ಲಿ ಕಾರ್ಡ್ 98, 99 ಪರ್ಸೆಂಟಿನಲ್ಲಿ ನಿಂತೇ ಬಿಟ್ಟಿತು. ಪ್ರೊಸೆಸರ್ ನಲವತ್ತರ ಆಸುಪಾಸು. ವ್ಯಾಲೊರೆಂಟ್ ಹಾಕಿದಾಗ ಉಲ್ಟಾ ಆಯಿತು, ಕಾರ್ಡ್ ಅರವತ್ತಕ್ಕೆ ಇಳಿಯಿತು. ಅಲ್ಲಿ ಮಿತಿ ಹಾಕುತ್ತಿದ್ದದ್ದು ಪ್ರೊಸೆಸರ್. ಆದರೆ ಆಗಲೂ ಸೆಕೆಂಡಿಗೆ 250ಕ್ಕಿಂತ ಜಾಸ್ತಿ ಚಿತ್ರ ಬರುತ್ತಿತ್ತು, ಅವಳ ಮಾನಿಟರ್ ತೋರಿಸುವುದೇ 144. ಆರು ಕೋರಿನ ಪ್ರೊಸೆಸರ್ ಅವಳಿಗೆ ಧಾರಾಳ ಅಂತ ಅಲ್ಲೇ ಗೊತ್ತಾಯಿತು. ಯಾವುದನ್ನೇ ಕೊಳ್ಳುವ ಮೊದಲು ಹೀಗೆ ಒಂದು ಗಂಟೆ ಪಕ್ಕದವರ ಪಿಸಿಯಲ್ಲಿ ಆಡಿ ಅಂಕಿ ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಭಾವನಿಗೆ ಇದನ್ನು ತೋಟದ ಲೆಕ್ಕದಲ್ಲಿ ಹೇಳಿದೆ. ಪ್ರೊಸೆಸರ್ ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ, ಗ್ರಾಫಿಕ್ಸ್ ಕಾರ್ಡ್ ಅಂದರೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು. ಕೊನೆಗೌಡ ಎಷ್ಟೇ ಚುರುಕಾಗಿದ್ದರೂ ಸುಲಿಯಲು ಇಬ್ಬರೇ ಇದ್ದರೆ ಅಂಗಳದಲ್ಲಿ ಕೊನೆ ರಾಶಿ ಬೀಳುತ್ತದೆ. ಸುಲಿಯಲು ಹತ್ತು ಜನ ಕೂತು ಕೊನೆಯೇ ಇಳಿಯದಿದ್ದರೆ ಹತ್ತೂ ಜನ ಸುಮ್ನೆ ಕೂರಬೇಕು. ಒಂದಕ್ಕೊಂದು ಹೊಂದಬೇಕು. ಭಾವ ತಲೆ ಆಡಿಸಿದರು. "ಅಂದ್ರೆ ದುಡ್ಡೆಲ್ಲ ಕೊನೆಗೌಡಂಗೇ ಕೊಡದು ಬೇಡ." ಸರಿಯಾಗಿ ಹಿಡಿದಿದ್ದರು.

ಹಾಗಾಗಿ 14700ಕೆ ಪಟ್ಟಿಯಿಂದ ಹೋಯಿತು. ಅದರ ಜೊತೆ ಝಡ್790 ಬೋರ್ಡೂ ನೀರಿನ ಕೂಲರೂ ಹೋದವು. ಆ ಹೊತ್ತಿಗೆ ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಆಟದ ನಡುವೆ ಕುಸಿದು ಬೀಳುವ ಸುದ್ದಿಯೂ ಓಡಾಡುತ್ತಿತ್ತು. ಮೈಕ್ರೋಕೋಡ್ ಅನ್ನುವ, ಪ್ರೊಸೆಸರಿನ ಒಳಗಿನ ಸೂಚನೆಗಳ ತಪ್ಪಿನಿಂದ ವೋಲ್ಟೇಜ್ ಜಾಸ್ತಿ ಹೋಗುತ್ತಿದೆ ಅಂತ ಕಂಪನಿಯೇ ಜುಲೈನಲ್ಲಿ ಒಪ್ಪಿಕೊಂಡಿತು, ಆಮೇಲೆ ತಿದ್ದುಪಡಿ ಕೊಟ್ಟು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು.

ಉಳಿದದ್ದು ಮೂರು ದಾರಿ, ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ ಅಂದರೆ ಸಾಕೆಟ್ ಒಂದೊಂದಕ್ಕೂ ಬೇರೆ. ಇಂಟೆಲ್‌ನ ಐ5 12400. ಎಎಂಡಿಯ ಹಳೇ ಎಎಂ4 ಸಾಕೆಟ್‌ನ ರೈಜನ್ 5 5600. ಹೊಸ ಎಎಂ5 ಸಾಕೆಟ್‌ನ ರೈಜನ್ 5 7600. ಮೂರರಲ್ಲೂ 6 ಕೋರ್, 12 ಥ್ರೆಡ್. ಮೂರೂ ಒಳ್ಳೆಯವೇ. ಪ್ರೊಸೆಸರ್ ಮಾತ್ರ ನೋಡುತ್ತಾ ಕೂತರೆ ತೀರ್ಮಾನವೇ ಆಗುವುದಿಲ್ಲ. ನನಗೆ ದಾರಿ ತೋರಿಸಿದ್ದು ನನ್ನದೇ ಹಳೇ ಬೋರ್ಡ್.

2019ರ ಡಿಸೆಂಬರ್‌ನಲ್ಲಿ ನಾನು ಸ್ಟುಡಿಯೋಗೆ ಬಿ450 ಬೋರ್ಡ್, ರೈಜನ್ 5 2600 ತಂದಿದ್ದೆ. ಎರಡೂವರೆ ವರ್ಷಕ್ಕೆ 4ಕೆ ವಿಡಿಯೋ ಬರಲು ಶುರುವಾಗಿ ಅದು ಏದುಸಿರು ಬಿಡತೊಡಗಿತು. ಇಡೀ ಪಿಸಿ ಬದಲಿಸಬೇಕೇನೋ ಅಂದುಕೊಂಡಿದ್ದೆ. ಆಮೇಲೆ ಬೋರ್ಡ್ ಕಂಪನಿಯ ಪಟ್ಟಿ ತೆಗೆದು ನೋಡಿದರೆ, ಪಿಸಿಯನ್ನು ಎಬ್ಬಿಸುವ ಬೋರ್ಡಿನೊಳಗಿನ ಪ್ರೋಗ್ರಾಂ ಆದ ಬಯೋಸ್ ಅಪ್‌ಡೇಟ್ ಮಾಡಿದರೆ ಅದೇ ಬೋರ್ಡಿಗೆ 2022ರ ಏಪ್ರಿಲ್‌ನಲ್ಲಷ್ಟೇ ಬಂದ 5600 ಕೂರುತ್ತದೆ ಅಂತಿತ್ತು. 2018ರ ಬೋರ್ಡಿಗೆ 2022ರ ಪ್ರೊಸೆಸರ್!

ಆದರೆ ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಅದು ಜುಲೈ, ಶಿರಸಿಯ ಮಳೆ. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಯುಪಿಎಸ್ ಬ್ಯಾಟರಿ ಪೂರ್ತಿ ತುಂಬಿಸಿ, ಮಾನಿಟರ್ ಮತ್ತು ಪಿಸಿ ಎರಡನ್ನು ಮಾತ್ರ ಅದಕ್ಕೆ ಹಾಕಿ, ಪೆನ್‌ಡ್ರೈವ್ ಚುಚ್ಚಿದೆ. ಎಷ್ಟು ಬರೆದಾಯಿತು ಅಂತ ಪರದೆಯಲ್ಲಿ ತೋರಿಸುವ ಪಟ್ಟಿ 40 ಪರ್ಸೆಂಟ್ ತಲುಪಿತ್ತು. ಟಪ್ ಅಂತ ಲೈಟ್ ಹೋಯಿತು. ಸ್ಟುಡಿಯೋ ಕತ್ತಲು, ಯುಪಿಎಸ್ ಕೀಂ ಕೀಂ ಅನ್ನುತ್ತಿದೆ, ಕತ್ತಲಲ್ಲಿ ಪರದೆಯ ಆ ಪಟ್ಟಿಯೊಂದೇ ನಿಧಾನ ತೆವಳುತ್ತಿದೆ. 100 ಆಗುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ. ಮುಗಿದ ಮೇಲೆ ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆರಿಸಿ, ಕೂಲರನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ ತೆಗೆದೆ. ಎಎಂ4ರಲ್ಲಿ ಸೂಜಿಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಒಣಗಿ ಹಿಡಿದುಕೊಂಡಿದ್ದಾಗ ಜೋರಾಗಿ ಎಳೆದರೆ ಪ್ರೊಸೆಸರೂ ಕಿತ್ತು ಬಂದು ಸೂಜಿ ಬಾಗುತ್ತವೆ. ನನ್ನದು ಹುಷಾರಾಗಿ ಬಂತು. ಹೊಸದು ಕೂತಿತು. ಹಳೇ 2600 ಮಾರಿದೆ. ಆ ಪಿಸಿ ಇವತ್ತಿಗೂ ನನಗೆ ಊಟ ಹಾಕುತ್ತಿದೆ.

ಇದರಿಂದ ನನಗೆ ಒಂದು ಮಾತು ಖಚಿತವಾಗಿತ್ತು. ಪ್ರೊಸೆಸರ್ ಬದಲಿಸುವುದು ಅರ್ಧ ಗಂಟೆಯ ಕೆಲಸ, ಗ್ರಾಫಿಕ್ಸ್ ಕಾರ್ಡ್ ಹತ್ತು ನಿಮಿಷದ್ದು. ಬೋರ್ಡ್ ಬದಲಿಸುವುದೆಂದರೆ ಮನೆ ಬಿಚ್ಚಿ ಕಟ್ಟಿದ ಹಾಗೆ, ಎಷ್ಟೋ ಸಲ ಅದರ ಜೊತೆ ರ‍್ಯಾಮೂ ಹೋಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಈ ಬೋರ್ಡಿಗೆ ಮುಂದೆ ಇನ್ನೇನು ಕೂರುತ್ತದೆ ಅನ್ನುವುದು.

12400 ಕೂರುವ ಎಲ್‌ಜಿಎ1700 ಸಾಕೆಟ್ 12, 13, 14ನೇ ತಲೆಮಾರುಗಳ ಜೊತೆ ಮುಗಿಯುವುದರಲ್ಲಿತ್ತು. ಆ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾಗೆ ಬೇರೆಯೇ ಸಾಕೆಟ್. ಎಎಂ4 ಕೂಡ ಕೊನೆಯ ಹಂತದಲ್ಲಿತ್ತು. ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದನ್ನು 2027ರವರೆಗೂ ಅದರಾಚೆಗೂ ನಡೆಸುತ್ತೇವೆ ಅಂತ ಎಎಂಡಿ ಆ ಜೂನ್‌ನಲ್ಲೇ ಹೇಳಿತ್ತು.

ಆದರೆ ವ್ಯತ್ಯಾಸ ಸಣ್ಣದಲ್ಲ. ನನಗೆ ಸಿಕ್ಕ ದರದಲ್ಲಿ 5600, ಬಿ550ಎಂ ಬೋರ್ಡ್, 32 ಜಿಬಿ ಡಿಡಿಆರ್4 ರ‍್ಯಾಮ್ ಸೇರಿ 26,400 ರೂಪಾಯಿ. 7600, ಬಿ650ಎಂ ಬೋರ್ಡ್, 32 ಜಿಬಿ ಡಿಡಿಆರ್5 ಸೇರಿ 41,600. ಅಂದರೆ 15,200 ಜಾಸ್ತಿ. ಅಷ್ಟನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ್ದರೆ ಆರ್‌ಎಕ್ಸ್ 6600 ಬದಲು ಆರ್‌ಟಿಎಕ್ಸ್ 4060 ಬರುತ್ತಿತ್ತು, ಇವತ್ತಿನ ಆಟ ಇವತ್ತೇ ಇನ್ನೂ ಚೆನ್ನಾಗಿ ಓಡುತ್ತಿತ್ತು. ಒಂದು ವಾರ ಇದೇ ಯೋಚನೆ. ಕೊನೆಗೆ ಹುಡುಗಿಗೇ ಕೇಳಿದೆ. ಈಗ ದೊಡ್ಡ ಕಾರ್ಡ್ ಬೇಕೋ, ಮೂರು ವರ್ಷ ಬಿಟ್ಟು ಬೆಳೆಯುವ ಬೋರ್ಡ್ ಬೇಕೋ?

"ಕಾರ್ಡ್ ಆಮೇಲೆ ಕೆಲಸ ಸಿಕ್ಕಿದ ಮೇಲೆ ನಾನೇ ತಗತ್ತೆ ಮಾವ," ಅಂದಳು.

ಕೈಯಲ್ಲಿ 60 ಸಾವಿರ ಮಾತ್ರ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಎಎಂ4 ತರುತ್ತಿದ್ದೆ. ಆ ಸಾಕೆಟ್‌ಗೇ 2024ರ ಜನವರಿಯಲ್ಲಿ 5700ಎಕ್ಸ್3ಡಿ ಅನ್ನುವ 8 ಕೋರಿನದು, 96 ಎಂಬಿ ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ ಇರುವುದು, ಆಟಕ್ಕೆಂದೇ ಬಂದಿತ್ತು. ಕಡಿಮೆ ದುಡ್ಡಿನವರಿಗೆ ಅದು ಒಳ್ಳೆಯ ದಾರಿಯಾಗಿತ್ತು, ಅದನ್ನು ಆರಿಸಿದವರು ಮೋಸ ಹೋಗಲಿಲ್ಲ.

7600ರ ಬದಲು 7500ಎಫ್ ತಂದರೆ ಎರಡು ಮೂರು ಸಾವಿರ ಉಳಿಯುತ್ತದೆ ಅಂತ ಎಲ್ಲರೂ ಹೇಳಿದರು. ಆಟದಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು, ನಿಜ. ಆದರೆ ಎಫ್ ಅಂತ ಇರುವುದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಬೆಂಗಳೂರಲ್ಲಿ ಇರುವವರಿಗೆ ಅದು ಬೇಡ. ನಮಗೆ ಬೇಕು. ಕಾರ್ಡ್ ಕೆಟ್ಟರೆ ಶಿರಸಿಯಿಂದ ಕಳಿಸಿ, ಅದು ವಾರಂಟಿಯಲ್ಲಿ ಹೋಗಿ ಬರಲು ಮೂರು ವಾರವಾದರೂ ಹಿಡಿಯುತ್ತದೆ. ಅಷ್ಟೂ ದಿನ ಪಿಸಿ ಕಪ್ಪು ಪರದೆ ಇಟ್ಟುಕೊಂಡು ಕೂರಬಾರದು. ಕಾಲೇಜಿನ ಕೆಲಸ ನಿಲ್ಲಬಾರದು. 7600ರ ಒಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿ ದೊಡ್ಡ ಆಟ ಓಡುವುದಿಲ್ಲ, ಆದರೆ ಪ್ರೋಗ್ರಾಂ ಬರೆಯಬಹುದು.

ಬೋರ್ಡ್ ವಿಷಯದಲ್ಲೂ ಊರು ನೋಡಿಯೇ ಆರಿಸಿದೆ. ಎ620 ಬೋರ್ಡ್ 9 ಸಾವಿರಕ್ಕೆ ಸಿಗುತ್ತಿತ್ತು. 7600 ಅದರಲ್ಲಿ ಆರಾಮಾಗಿ ಓಡುತ್ತದೆ, ಅದು 65 ವ್ಯಾಟಿನದು. ಆದರೆ ಎಷ್ಟೋ ಎ620 ಬೋರ್ಡುಗಳಲ್ಲಿ ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಭಾಗ ಬರಿ ಮೈಯಲ್ಲಿ ಇರುತ್ತದೆ, ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಇರುವುದಿಲ್ಲ. ಮುಂದೆ 120 ವ್ಯಾಟಿನ 7800ಎಕ್ಸ್3ಡಿ ಥರದ್ದು ಕೂರಿಸಬೇಕಾದರೆ ಅದು ಸಾಲದು. ಬೆಳೆಯಲಿ ಅಂತ ಎಎಂ5 ತಂದು, ಬೆಳೆಯದ ಬೋರ್ಡ್ ತರುವುದು ಯಾವ ನ್ಯಾಯ? ಹಾಗಾಗಿ ಎರಡೂ ಬದಿ ಹೀಟ್‌ಸಿಂಕ್ ಇರುವ ಬಿ650ಎಂ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಬರೆಯುವ ಗುಂಡಿ ಹಿಂದುಗಡೆ ಇರಲೇಬೇಕು ಅಂತ ಹಟ ಹಿಡಿದೆ. ಒಮ್ಮೆ ಬಯೋಸ್ ಬರೆಯುವಾಗ ಕರೆಂಟ್ ಹೋದರೂ ಬೋರ್ಡನ್ನು ಬದುಕಿಸಿಕೊಳ್ಳಲು ಅದೊಂದು ದಾರಿ.

ಇನ್ನೊಂದು, ವೈಫೈ. ಅದಕ್ಕೆ ಸಾವಿರದ ಐನೂರು ಜಾಸ್ತಿ ಕೊಟ್ಟೆ. ಆಟಕ್ಕೆ ಕೇಬಲ್ಲೇ ಒಳ್ಳೆಯದು, ಗೊತ್ತು. ಆದರೆ ಏಪ್ರಿಲ್, ಮೇ ತಿಂಗಳ ಸಿಡಿಲು ನಮ್ಮ ಕಡೆ ಎಷ್ಟು ಮನೆಯ ಮೋಡೆಮ್, ಟಿವಿ ತಿಂದಿಲ್ಲ? ನನ್ನ ಬಿ450 ಬೋರ್ಡಿನ ಲ್ಯಾನ್ ಪೋರ್ಟ್ ಹಾಗೇ ಹೋಯಿತು. ಪ್ಲಗ್ ತೆಗೆದಿದ್ದೆ, ಲ್ಯಾನ್ ಕೇಬಲ್ ಮರೆತಿದ್ದೆ. ಫೈಬರ್ ಬಂದ ಮೇಲೆ ಹೊರಗಿನ ತಂತಿಯ ಭಯ ಕಡಿಮೆ, ಆದರೆ ರೂಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ವಾ? ವೈಫೈ ಇದ್ದರೆ ಮೋಡ ಕವಿದ ದಿನ ಆ ಕೇಬಲ್ ಕಿತ್ತಿಟ್ಟು ಕೆಲಸ ಮುಂದುವರಿಸಬಹುದು.

ಜುಲೈನಲ್ಲಿ ಎಲ್ಲ ನಿಂತಿತು. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಹೋದರು, ಹೆದ್ದಾರಿ ಮುಚ್ಚಿತು. ಮನೆ ಮನೆಯಲ್ಲೂ ಅದೇ ಮಾತು. ಕಂಪ್ಯೂಟರ್ ವಿಷಯ ಎತ್ತಲು ನಮಗ್ಯಾರಿಗೂ ಮನಸ್ಸಾಗಲಿಲ್ಲ.

ಆಗಸ್ಟ್ ಎರಡನೇ ವಾರ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋದೆವು, ನಾನು ಮತ್ತು ಹುಡುಗಿ. ಆನ್‌ಲೈನಲ್ಲಿ ಐನೂರೋ ಸಾವಿರವೋ ಕಡಿಮೆಗೆ ಸಿಗುತ್ತಿತ್ತು. ಆದರೆ ಎಎಂ5ರಲ್ಲಿ ಸೂಜಿಗಳಿರುವುದು ಬೋರ್ಡಿನ ಸಾಕೆಟ್‌ನಲ್ಲಿ, 1718. ಒಂದು ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ. ಅಂಗಡಿಯ ಕೌಂಟರ್ ಮೇಲೆಯೇ ಬಾಕ್ಸ್ ಬಿಚ್ಚಿಸಿ, ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆವು. ಸಾಲು ಸಾಲು ಒಂದೇ ಥರ ಹೊಳೆದರೆ ಸರಿ, ಎಲ್ಲಾದರೂ ಒಂದು ಚುಕ್ಕಿ ಬೇರೆ ಥರ ಹೊಳೆದರೆ ಸರಿಯಿಲ್ಲ. ನಮ್ಮದು ಗದ್ದೆಯ ನಾಟಿ ಸಾಲಿನ ಹಾಗೆ ನೇರ ಇತ್ತು. ಪ್ರೊಸೆಸರ್ 18,200, ಬೋರ್ಡ್ 14,100, ರ‍್ಯಾಮ್ 9,300. ರ‍್ಯಾಮ್ 16ರ ಎರಡು ಕಡ್ಡಿಯೇ ಬೇಕು ಅಂದೆ. ಎಎಂ5ರಲ್ಲಿ ನಾಲ್ಕೂ ಕಡೆ ಕಡ್ಡಿ ತುಂಬಿದರೆ ವೇಗ ತುಂಬಾ ಇಳಿಯುತ್ತದೆ, ಆಮೇಲೆ ಎರಡು ಸೇರಿಸುವ ಯೋಚನೆ ಇಟ್ಟುಕೊಳ್ಳಬಾರದು. ಕಾರ್ಡ್, ಎಸ್‌ಎಸ್‌ಡಿ, ಕರೆಂಟ್ ಹಂಚುವ 650 ವ್ಯಾಟಿನ ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲ ಸೇರಿ 76,700.

ಜೋಡಿಸಿದ್ದು ಅಕ್ಕನ ಮನೆ ಮಾಳಿಗೆಯ ಮೇಲೆ. ಪ್ರೊಸೆಸರ್ ಇಡುವ ಕೆಲಸ ಹುಡುಗಿಗೇ ಬಿಟ್ಟೆ. ಮೂಲೆಯ ಬಂಗಾರದ ತ್ರಿಕೋನ ಸಾಕೆಟ್‌ನ ಗುರುತಿಗೆ ಹೊಂದಿಸಿ ಮೆಲ್ಲಗೆ ಇಟ್ಟಳು. ಸರಳಿನ ಹಿಡಿ ಒತ್ತುವಾಗ ಕರ್ ಅಂತ ಶಬ್ದ ಬಂತು, ಅವಳ ಕೈ ನಿಂತಿತು. "ಒತ್ತು ಕೂಸೇ, ಅದು ಹಂಗೇ," ಅಂದೆ. ಕಪ್ಪು ಮುಚ್ಚಳ ಟಕ್ ಅಂತ ತಾನೇ ಹಾರಿತು. ರ‍್ಯಾಮನ್ನು ಪ್ರೊಸೆಸರಿನಿಂದ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ಹಾಕಿದಳು.

ಸಂಜೆ ಏಳಕ್ಕೆ ಗುಂಡಿ ಒತ್ತಿದೆವು. ಫ್ಯಾನ್ ತಿರುಗಿತು. ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಕಡೆ ಹಳದಿ ದೀಪ ಹತ್ತಿ ನಿಂತಿತು. ಒಂದು ನಿಮಿಷ. ಎರಡು. ಅಕ್ಕ ಕಷಾಯ ತಂದವಳು ಬಾಗಿಲಲ್ಲೇ ನಿಂತಳು. ಭಾವ ಮಾತಾಡಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು. "ರ‍್ಯಾಮ್ ಸರಿ ಕೂತಿಲ್ಲ ಮಾವ, ಬಂದ್ ಮಾಡ್ಲಾ?" ಬೇಡ ಅಂದೆ. ಎಎಂ5ರಲ್ಲಿ ಮೊದಲ ಸಲ ಶುರುವಾಗುವಾಗ ಬೋರ್ಡು ರ‍್ಯಾಮಿನ ಜೊತೆ ಹದ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ನಿಮಿಷಗಟ್ಟಲೆ ಬೇಕು ಅಂತ ಓದಿದ್ದೆ. ಓದಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ತಡೆಯಲಾಗದೆ ನಡುವೆ ಆರಿಸಿದ್ದರೆ ಮತ್ತೆ ಮೊದಲಿನಿಂದ ಶುರು. ಆರನೇ ನಿಮಿಷಕ್ಕೆ ಹಳದಿ ದೀಪ ಹೋಯಿತು. ಪಿಸಿ ತಾನೇ ಒಮ್ಮೆ ಆರಿ ಹೊತ್ತಿಕೊಂಡಿತು. ಪರದೆ ಮೇಲೆ ಬಯೋಸ್ ಬಂತು. ಅದರಲ್ಲಿ ರ‍್ಯಾಮ್ ವೇಗ 4800 ಅಂತಿತ್ತು. ನಾವು ತಂದದ್ದು 6000ದ್ದು. ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಿದರೆ ಮಾತ್ರ ಆ ವೇಗ ಸಿಗುತ್ತದೆ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ಕೊಟ್ಟ ದುಡ್ಡಿನ ವೇಗ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆನ್ ಮಾಡಿದಾಗ ಮತ್ತೆ ಕಪ್ಪು ಪರದೆ, ಮತ್ತೆ ಹಳದಿ ದೀಪ. ಈ ಸಲ ಯಾರೂ ಹೆದರಲಿಲ್ಲ, ಕಷಾಯ ಕುಡಿದೆವು.

ನಾವು ಹುಬ್ಬಳ್ಳಿಗೆ ಹೋದ ಅದೇ ತಿಂಗಳು ರೈಜನ್ 9000 ಸರಣಿ ಬಂತು, ಅದೇ ಸಾಕೆಟ್‌ಗೆ. ನವೆಂಬರ್‌ನಲ್ಲಿ 9800ಎಕ್ಸ್3ಡಿ ಬಂತು, ಅದೂ ಇದಕ್ಕೇ. 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿದಾಗ, ಅವತ್ತು 32 ಜಿಬಿ ತಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಅಕ್ಕನೂ ಹೇಳಿದಳು. ಮಳೆಗಾಲದಲ್ಲಿ ದಿನಾ ಒಂದು ಗಂಟೆಯಾದರೂ ಪಿಸಿ ಓಡಿಸು ಅಂತ ಹೇಳಿದ್ದೆ, ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು, ಒಳಗಿನ ಬಿಸಿಗೆ ತೇವ ಆರುತ್ತದೆ. ಆ ಮಾತನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಿಲ್ಲ.

ಮೊನ್ನೆ ಬಯೋಸ್ ಅಪ್‌ಡೇಟ್ ಮಾಡಿದ್ದೂ ಅವಳೇ. ಫೋನ್ ಮಾಡಿ ಕೇಳಿದಳಷ್ಟೆ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ. ಹಿಂದುಗಡೆ ಭಾವನ ದನಿ ಕೇಳಿಸುತ್ತಿತ್ತು. "ಕರೆಂಟ್ ಹೋದ್ರೆ?"

"ಯುಪಿಎಸ್ ಇದ್ದು ಅಪ್ಪ. ಲ್ಯಾನ್ ಕೇಬಲ್ಲೂ ತೆಗೆದಿಟ್ಟಿದ್ದಿ."

"ಹಂಗಾರೆ ಅಡ್ಡಿಲ್ಲೆ, ಮಾಡು."